ಈಸೂರಿನಿಂದ ಸೊರಬಕ್ಕೆ: ಹೆಸರು ಬರೆದಿಟ್ಟ ಊರುಗಳಲ್ಲಿ ಎರಡು ದಿನ

ಬೆಂಗಳೂರಿನ ಫ್ರೀಡಂ ಪಾರ್ಕ್ ನಮಗೆಲ್ಲ ಗೊತ್ತು. ಪ್ರತಿಭಟನೆ ನಡೆಯುವ ಜಾಗ. ‘ಇವತ್ತು ಆ ಕಡೆ ಜಾಮ್ ಸಾರ್’ ಅಂತ ಆಟೋದವರು ಸುತ್ತು ಹಾಕಿಕೊಂಡು ಹೋಗುವ ಜಾಗ. ಅದು ಹಿಂದೆ ಸೆಂಟ್ರಲ್ ಜೈಲಾಗಿತ್ತು ಅನ್ನೋದೂ ತುಂಬಾ ಜನಕ್ಕೆ ಗೊತ್ತು. ಆ ಜೈಲಿನಲ್ಲಿ 1943ರ ಮಾರ್ಚ್ 8, 9 ಮತ್ತು 10ರಂದು ಈಸೂರು ಪ್ರಕರಣದ ಐದು ಜನರನ್ನು ಗಲ್ಲಿಗೇರಿಸಿದರು ಅನ್ನೋದು ಮಾತ್ರ ನನ್ನ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಈಸೂರು ಇರುವುದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿ. ಪಕ್ಕದ ಸೊರಬ ತಾಲೂಕು ನನ್ನ ಅಮ್ಮನ ತವರು. ಚಿಕ್ಕಂದಿನಿಂದ ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋದ ದಾರಿ ಅದು. ಕಿಟಕಿ ಪಕ್ಕ ಕೂತು ನಿದ್ದೆ ಹೊಡೆದದ್ದೇ ಹೆಚ್ಚು. ಈ ಸಲ ಸೆಪ್ಟೆಂಬರ್ ಕೊನೆಯ ವಾರ ಎರಡು ದಿನ ರಜೆ ಹಾಕಿ, ಅದೇ ದಾರಿಯಲ್ಲಿ ನಿಂತು ನಿಂತು ಹೋದೆ. ನೋಡಬೇಕಿದ್ದದ್ದು ಒಂದೇ: ಯುದ್ಧ, ಹೋರಾಟ, ಸಾವು ಇವನ್ನೆಲ್ಲ ಒಂದು ಊರು ಹೇಗೆ ನೆನಪಿಟ್ಟುಕೊಳ್ಳುತ್ತೆ? ವರ್ಷಕ್ಕೊಂದು ದಿನ ಹಾರ ಹಾಕಿದರೆ ಸಾಕಾ?

ಮೊದಲ ನಿಲ್ದಾಣ: ಈಸೂರು

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಸುಮಾರು 50 ಕಿಲೋಮೀಟರ್. ಆ ಸಮಯದಲ್ಲಿ ರಸ್ತೆಯ ಎರಡೂ ಬದಿ ಮೆಕ್ಕೆಜೋಳ, ಭತ್ತ. ಮಳೆ ಬಿಟ್ಟುಬಿಟ್ಟು ಬರ್ತಿತ್ತು. ಈಸೂರು ಹೊರಗಿನಿಂದ ನೋಡಿದರೆ ಈ ಕಡೆಯ ಬೇರೆ ಯಾವ ಹಳ್ಳಿಗಿಂತಲೂ ಬೇರೆಯಾಗಿ ಕಾಣಲ್ಲ. ಹೆಂಚಿನ ಮನೆಗಳು, ನಡುನಡುವೆ ಹೊಸ ತಾರಸಿ ಮನೆಗಳು, ಟ್ರ್ಯಾಕ್ಟರು, ಹಾಲಿನ ಕ್ಯಾನು.

1942ರ ಆಗಸ್ಟ್‌ನಲ್ಲಿ ಬೊಂಬಾಯಿಯಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಶುರುವಾದಾಗ ಎರಡನೇ ಮಹಾಯುದ್ಧ ಜೋರಾಗಿ ನಡೀತಿತ್ತು. ಆ ವರ್ಷ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ಕೈಸೇರಿ, ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತುಹೋಗಿತ್ತು. ಇಂಥ ಹೊತ್ತಿನಲ್ಲಿ ಮೈಸೂರು ಸಂಸ್ಥಾನದ ಮೂಲೆಯ ಈ ಹಳ್ಳಿ ಕಂದಾಯ ಕೊಡಲ್ಲ ಅಂತ ತೀರ್ಮಾನಿಸಿತು. ಸಾಹುಕಾರ್ ಬಸವಣ್ಣೆಪ್ಪನವರ ಮುಂದಾಳತ್ವದಲ್ಲಿ ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಹಾರಿತು. ಊರು ಸ್ವತಂತ್ರ ಅಂತ ಸಾರಿದರು. ಸರ್ಕಾರಿ ಅಧಿಕಾರಿಗಳು ಒಳಗೆ ಬರಬಾರದು ಅಂತ ಊರ ಬಾಗಿಲಲ್ಲಿ ಬೋರ್ಡು ಹಾಕಿದರು. ತಮ್ಮದೇ ಸರ್ಕಾರ ಮಾಡಿಕೊಂಡರು. ಅದರಲ್ಲಿ ಜಯಣ್ಣ ಎಂಬ ಹುಡುಗ ಅಮಲ್ದಾರ, ಅಂದರೆ ಈಗಿನ ತಹಶೀಲ್ದಾರ. ಮಲ್ಲಪ್ಪಯ್ಯ ಎಂಬ ಇನ್ನೊಬ್ಬ ಹುಡುಗ ಸಬ್ ಇನ್ಸ್‌ಪೆಕ್ಟರ್. ಇಷ್ಟು ಚಿಕ್ಕವರನ್ನು ಜೈಲಿಗೆ ಹಾಕಲಾಗಲ್ಲ ಅನ್ನೋ ಲೆಕ್ಕಾಚಾರ ಅದರ ಹಿಂದಿತ್ತು ಅಂತ ಹೇಳ್ತಾರೆ.

‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅನ್ನೋ ಘೋಷಣೆ ಆ ದಿನಗಳದ್ದು. ಈಗಲೂ ಈ ಊರಿನ ಹೆಸರು ಬಂದರೆ ಮೊದಲು ಬಾಯಿಗೆ ಬರುವುದು ಅದೇ.

ಸೆಪ್ಟೆಂಬರ್ 28ಕ್ಕೆ ಅಧಿಕಾರಿಗಳು ಪೊಲೀಸರ ಜೊತೆ ಬಂದರು. ಜಟಾಪಟಿ ಆಯಿತು. ಅಮಲ್ದಾರ್ ಚೆನ್ನಕೃಷ್ಣಪ್ಪ ಮತ್ತು ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಇಬ್ಬರೂ ಅಲ್ಲೇ ಸತ್ತರು. ಆಮೇಲೆ ಊರಿಗೆ ಪಡೆ ನುಗ್ಗಿತು. ಮನೆಗಳು ಲೂಟಿಯಾದವು, ಸುಟ್ಟುಹೋದವು. ಜನ ಕಾಡು ಸೇರಿದರು. ವಿಚಾರಣೆ ನಡೆದು ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ ಈ ಐವರಿಗೆ ಗಲ್ಲು. ಜೈಲು ಕಂಡವರಲ್ಲಿ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಹೆಂಗಸರೂ ಇದ್ದರು.

ಚಹಾದಂಗಡಿ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆ. ಅವರು ಹುಟ್ಟಿದ್ದೇ ಆ ಗಲಾಟೆ ಆದ ಎಷ್ಟೋ ವರ್ಷದ ಮೇಲೆ. “ನಮ್ಮಪ್ಪ ಹೇಳ್ತಿದ್ರು. ಕಾಡಿಗೆ ಓಡುವಾಗ ಅವ್ವ ರೊಟ್ಟಿ ಬುಟ್ಟಿ ಹೊತ್ಕೊಂಡಿದ್ಲಂತೆ, ಆದ್ರೆ ಕೊಟ್ಟಿಗೇಲಿದ್ದ ಎಮ್ಮೆ ಬಿಚ್ಚೋದು ಮರ್ತಿದ್ಲಂತೆ. ಎಮ್ಮೆ ಏನಾಯ್ತು ಅಂತ ಸಾಯೋವರೆಗೂ ಕೇಳ್ತಿದ್ಲು,” ಅಂದರು. ಬೇರೆ ಏನಾದ್ರೂ ಹೇಳ್ತಿದ್ರಾ ಅಂದೆ. “ಹೇಳ್ತಿದ್ರೇನೋ. ನಾವು ಕೇಳ್ಬೇಕಿತ್ತಲ್ಲಪ್ಪ,” ಅಂದರು.

ಆ ಎಮ್ಮೆ ಯಾವ ಭಾಷಣದಲ್ಲೂ ಬರಲ್ಲ. ಘೋಷಣೆ ಉಳಿಯಿತು, ಐವರ ಹೆಸರು ಉಳಿಯಿತು. ಮೂರು ಹೊತ್ತಿನ ಊಟ ಮಾಡಿಕೊಂಡಿದ್ದ ಮನೆಗಳಿಗೆ ಆ ವಾರ ಏನಾಯ್ತು ಅನ್ನೋದು ಮನೆಯವರ ಜೊತೆಗೇ ಹೋಗ್ತಿದೆ. 1942ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ 90 ದಾಟಿರುತ್ತೆ. ಕಣ್ಣಾರೆ ಕಂಡವರ ಕಾಲ ಬಹುತೇಕ ಮುಗಿದೇ ಹೋಯಿತು.

ಇನ್ನೊಂದು ವಿಷಯ. ಆ ದಿನ ಸತ್ತ ಇಬ್ಬರು ಅಧಿಕಾರಿಗಳೂ ನಮ್ಮವರೇ. ಅವರಿಗೂ ಮನೆ, ಮಕ್ಕಳು ಇದ್ದೇ ಇರಬೇಕು. ವಾರ್ಷಿಕ ದಿನಾಚರಣೆಗೆ ಒಂದು ಕಡೆ ವೀರರು, ಇನ್ನೊಂದು ಕಡೆ ಶತ್ರುಗಳು ಬೇಕು. ಆದರೆ ಊರಿನ ನಿಜವಾದ ನೆನಪು ಅಷ್ಟು ಸಲೀಸಲ್ಲ. ಆ ಎರಡೂ ಹೆಸರನ್ನು ಜೊತೆಗೇ ಹೇಳಿದರೆ ಹೋರಾಟದ ಬೆಲೆ ಕಮ್ಮಿಯಾಗಲ್ಲ, ಎಷ್ಟು ದೊಡ್ಡದಿತ್ತು ಅಂತ ಗೊತ್ತಾಗುತ್ತೆ.

ಬಳ್ಳಿಗಾವಿ, ಉದ್ರಿ: ಕಲ್ಲಿನ ಮೇಲಿನ ದಾಖಲೆ

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿದರೆ ಬಳ್ಳಿಗಾವಿ. ಅಲ್ಲಮಪ್ರಭುವಿನ ಊರು ಅಂತ ಪ್ರಸಿದ್ಧ. ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಸ್ಥಾನ ನೋಡೋಕೆ ಬರುವವರು ಫೋಟೋ ತೆಗೆಸಿಕೊಳ್ಳೋದು ಶಿಖರದ ಹೊಯ್ಸಳ ಲಾಂಛನದ ಮುಂದೆ. ನಾನು ಅಂಗಳದಲ್ಲಿ ಸಾಲಾಗಿ ನಿಂತ ವೀರಗಲ್ಲುಗಳ ಮುಂದೆ ಕೂತೆ.

ವೀರಗಲ್ಲನ್ನು ಓದೋದು ಕಷ್ಟ ಅಲ್ಲ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ: ಕತ್ತಿ, ಬಿಲ್ಲು, ಕುದುರೆ, ಕೆಲವು ಕಡೆ ದನಗಳು. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗ್ತಿರ್ತಾರೆ. ಮೇಲಿನದರಲ್ಲಿ ಆತ ಕೈಲಾಸದಲ್ಲಿ, ಶಿವಲಿಂಗದ ಎದುರು. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಬರಹ: ಯಾವ ರಾಜನ ಕಾಲ, ಯಾವ ವರ್ಷ, ಯಾರು, ಯಾವ ಊರು, ಏಕೆ ಸತ್ತ. ತುರುಗೋಳ್ ಅಂದರೆ ದನ ಹೊಡೆದುಕೊಂಡು ಹೋದವರ ಜೊತೆ ಹೋರಾಟ. ಊರಳಿವು ಅಂದರೆ ಊರಿಗೇ ದಾಳಿಯಾದದ್ದು. ಪೆಣ್ಬುಯ್ಯಲ್ ಅಂದರೆ ಹೆಂಗಸರ ಮೊರೆ ಕೇಳಿ ನುಗ್ಗಿದ್ದು. ಕೆಲವು ಕಲ್ಲುಗಳಲ್ಲಿ ಇನ್ನೊಂದು ಸಾಲೂ ಇರುತ್ತೆ: ಸತ್ತವನ ಮನೆಯವರಿಗೆ ಕೊಟ್ಟ ಭೂಮಿ. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಈ ಹೆಸರೇ ಎಲ್ಲ ಹೇಳುತ್ತೆ ಅಲ್ವಾ? ಊರಿಗಾಗಿ ನೆತ್ತರು ಕೊಟ್ಟವನ ಮನೆ ಉಪವಾಸ ಬೀಳಬಾರದು ಅನ್ನೋದು ಕಲ್ಲಿನ ಮೇಲೇ ಕೆತ್ತಿದ ಕರಾರು.

ನಾನು ಮಾಡೋದು ಡೇಟಾಬೇಸ್ ಕೆಲಸ. ಆ ಕಣ್ಣಿಂದ ನೋಡಿದರೆ ಇದು ತುಂಬಾ ಅಚ್ಚುಕಟ್ಟಾದ ದಾಖಲೆ. ಹೆಸರು, ಊರು, ತಾರೀಖು, ಕಾರಣ, ಪರಿಹಾರ. ಸಾವಿರ ವರ್ಷದ ಬ್ಯಾಕಪ್. ಕರೆಂಟ್ ಬೇಡ, ಪಾಸ್‌ವರ್ಡ್ ಬೇಡ.

ಕಲ್ಲು ಸಿಗೋದು ರಾಜ, ಸೇನಾಪತಿಗಳಿಗೆ ಮಾತ್ರ ಅಂದ್ಕೋಬೇಡಿ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೇ ಶತಮಾನದ ಶಾಸನ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತೆ. ಇನ್ನು ಬೆಂಗಳೂರು ಅನ್ನೋ ಹೆಸರು ಮೊದಲು ಸಿಗುವುದು ಎಲ್ಲಿ ಗೊತ್ತಾ? ಸುಮಾರು 890ರ ಬೇಗೂರಿನ ಶಾಸನದಲ್ಲಿ. ಅದು ಹೇಳೋದು ಬೆಂಗಳೂರಿನಲ್ಲಿ ನಡೆದ ಒಂದು ಕಾಳಗ, ಅದರಲ್ಲಾದ ಸಾವಿನ ವಿಷಯ. ನಾವು ಬಾಡಿಗೆ ಕಟ್ಟುತ್ತಿರುವ ಮಹಾನಗರದ ಹೆಸರು ಉಳಿದದ್ದೇ ಯುದ್ಧದಲ್ಲಿ ಸತ್ತವರನ್ನು ಯಾರೋ ಮರೆಯದೆ ಬರೆಸಿದ್ದರಿಂದ.

ಶಿಕಾರಿಪುರ ತಾಲೂಕಿನದ್ದೇ ಬಂದಳಿಕೆಯಲ್ಲಿ ಹತ್ತನೇ ಶತಮಾನದ ಇನ್ನೊಂದು ಶಾಸನ ಸಿಕ್ಕಿದೆ. ಅದು ಜಕ್ಕಿಯಬ್ಬೆಯದು. ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡ ಮೇಲೆ ಆ ಅಧಿಕಾರ ಅವಳಿಗೆ ಬಂತು. ಅವಳು ಆಡಳಿತ ನಡೆಸಿ, ಕೊನೆಗೆ ಸಲ್ಲೇಖನ ವ್ರತ ಹಿಡಿದು ಬಂದಳಿಕೆಯಲ್ಲಿ ದೇಹ ಬಿಟ್ಟಳು. ಹಿಂದೆ ಉಳಿದವಳು ಏನು ಮಾಡಿದಳು ಅನ್ನೋದನ್ನೂ ಈ ಸೀಮೆಯವರು ಬರೆದಿಟ್ಟರು.

ಮರುದಿನ ಬೆಳಗ್ಗೆ ಸೊರಬ ತಾಲೂಕಿನ ಉದ್ರಿಗೆ ಹೋದೆ. ಶಾಸನಗಳಲ್ಲಿ ಉದ್ಧರೆ ಅಂತ ಕರೆಸಿಕೊಂಡ ಊರು. ವೀರಗಲ್ಲಿಗೆ ಹೆಸರಾದದ್ದು. ಒಂದೊಂದು ಆಳೆತ್ತರ ಇವೆ. ಕುದುರೆಯ ಜೀನಿನ ಪಟ್ಟಿ, ಕೈಯ ಕಡಗ ಎಲ್ಲ ಎಣಿಸೋ ಹಾಗೆ ಕೆತ್ತಿದ್ದಾರೆ. ಕೆಲವಕ್ಕೆ ಕುಂಕುಮ ಹಚ್ಚಿತ್ತು. ಹಾಗಂತ ಎಲ್ಲ ಕಲ್ಲಿನ ಅದೃಷ್ಟವೂ ಒಂದೇ ಅಲ್ಲ. ಈ ಸೀಮೆಯಲ್ಲಿ ತಿರುಗಿದರೆ ಕೆರೆ ಏರಿಯಲ್ಲಿ ಅರ್ಧ ಹೂತ ಕಲ್ಲು, ಬೇಲಿ ಸಂದಿಯ ಕಲ್ಲು, ಬಟ್ಟೆ ಒಗೆಯೋಕೆ ಮಗುಚಿ ಹಾಕಿದ ಕಲ್ಲು ಎಲ್ಲ ಕಾಣಸಿಗುತ್ತೆ. ಬಿ.ಎಲ್. ರೈಸ್ ಈ ಎರಡು ತಾಲೂಕುಗಳ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೇ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಅಚ್ಚು ಹಾಕಿಸದೇ ಹೋಗಿದ್ದರೆ, ಎಷ್ಟೋ ಹೆಸರು ಕಲ್ಲಿನ ಜೊತೆಗೇ ಸವೆದುಹೋಗ್ತಿತ್ತು. ಕಲ್ಲಿಗೂ ಓದುವವರು ಬೇಕು.

ಸೊರಬದ ಅಜ್ಜ

ಸೊರಬ ಅಂದರೆ ದಂಡಾವತಿ ನದಿ, ಗುಡಿಗಾರರ ಗಂಧದ ಕೆತ್ತನೆ. ಈಗೀಗ ಎಲ್ಲಿ ನೋಡಿದರೂ ಅಡಿಕೆ, ಶುಂಠಿ. ಮಾವನ ಮನೆಯಲ್ಲಿ ಮಧ್ಯಾಹ್ನ ಊಟ ಮುಗಿಸಿ, ಪಕ್ಕದ ಹಳ್ಳಿಯ ಮಾಜಿ ಸೈನಿಕರೊಬ್ಬರ ಮನೆಗೆ ಹೋದೆ. ‘ಮಿಲಿಟ್ರಿ ಅಜ್ಜ’ ಅಂತಲೇ ಎಲ್ಲರೂ ಕರೆಯೋದು. ಹೆಸರು ಬರೆಯಬೇಡ ಅಂದರು, ಬರೆಯುತ್ತಿಲ್ಲ.

ಹತ್ತೊಂಬತ್ತನೇ ವರ್ಷಕ್ಕೆ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದವರು. 1971ರ ಡಿಸೆಂಬರ್ ಯುದ್ಧದಲ್ಲಿ ಪಶ್ಚಿಮ ಗಡಿಯ ಶಕರ್‌ಗಢ ಭಾಗದಲ್ಲಿದ್ದರು. ಮೈನ್ ತೆಗೆಯೋ ಕೆಲಸ.

ಅವರ ಟ್ರಂಕಿನಲ್ಲಿ ಡಿಸ್ಚಾರ್ಜ್ ಪುಸ್ತಕ, ರಿಬ್ಬನ್ ಮಾಸಿದ ಪಶ್ಚಿಮಿ ಸ್ಟಾರ್, ಸಂಗ್ರಾಮ ಮೆಡಲ್, ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರಗಳು. ಎಲ್ಲ ಪತ್ರಗಳ ಮೇಲೂ ಒಂದೇ ವಿಳಾಸ: ಕೇರ್ ಆಫ್ 56 ಎ.ಪಿ.ಓ. ಮಗ ಎಲ್ಲಿದ್ದಾನೆ ಅಂತ ಅವರ ತಾಯಿಗೆ ಯುದ್ಧ ಮುಗಿಯುವವರೆಗೂ ಗೊತ್ತೇ ಇರಲಿಲ್ಲವಂತೆ. ಪತ್ರ ಬಂದರೆ ಬದುಕಿದ್ದಾನೆ ಅಂತ ಲೆಕ್ಕ.

ಪ್ರತಿ ಆಗಸ್ಟ್ 15ಕ್ಕೆ ಶಾಲೆಯವರು ಕರೀತಾರೆ. ಶಾಲು, ಹಾರ, ಒಂದು ಫೋಟೋ.

“ಏನು ಮಾತಾಡ್ತೀರಿ ಅಜ್ಜ ಅಲ್ಲಿ?” ಅಂತ ಕೇಳಿದೆ.

“ಮಾತಾಡೋದು ಎಂಥದು ತಮ್ಮಾ? ದೇಶ ಸೇವೆ ಮಾಡಿ ಮಕ್ಕಳೇ ಅಂತೀನಿ. ಚಪ್ಪಾಳೆ ಹೊಡೀತಾರೆ. ಆಮೇಲೆ ಚಾಕ್ಲೇಟ್ ಹಂಚ್ತಾರೆ.”

“ಯುದ್ಧದಲ್ಲಿ ನೀವೇನು ಮಾಡಿದ್ರಿ ಅಂತ ಯಾರಾದ್ರೂ ಕೇಳಿದ್ದಾರಾ?”

ಸ್ವಲ್ಪ ಹೊತ್ತು ಯೋಚನೆ ಮಾಡಿದರು. “ಎಷ್ಟು ಜನರನ್ನ ಹೊಡೆದ್ರಿ ಅಂತ ಒಬ್ಬ ಹುಡುಗ ಕೇಳಿದ್ದ. ಬೇರೆ ಯಾರೂ ಕೇಳಿಲ್ಲ.”

ಫೋನ್ ಮೇಜಿನ ಮೇಲಿಟ್ಟು, ರೆಕಾರ್ಡ್ ಮಾಡಬಹುದಾ ಅಂತ ಕೇಳಿ, ಸಣ್ಣ ಸಣ್ಣ ಪ್ರಶ್ನೆ ಶುರು ಮಾಡಿದೆ. ಕೈಯಲ್ಲಿ ಏನಿರ್ತಿತ್ತು? ಏನು ತಿಂತಿದ್ರಿ? ಚಳಿ ಹೇಗಿತ್ತು?

ಅವರ ಕೈಯೇ ಮೊದಲು ಮಾತಾಡಿತು. ಎದ್ದು ಹೋಗಿ ಕೊಟ್ಟಿಗೆಯಿಂದ ಒಂದು ಕಬ್ಬಿಣದ ಸರಳು ತಂದು, ಅಂಗಳದಲ್ಲಿ ಮೊಣಕಾಲೂರಿ ಕೂತು ತೋರಿಸಿದರು. “ಹಿಂಗೆ ನೋಡು, ಓರೆಯಾಗಿ ಚುಚ್ಚಬೇಕು. ನೆಟ್ಟಗೆ ಚುಚ್ಚಿದ್ರೆ ಮೈನಿನ ತಲೆಗೆ ತಾಗ್ತದೆ. ಓರೆಯಾಗಿ ಹೋದ್ರೆ ಅದರ ಪಕ್ಕೆಗೆ ತಾಗ್ತದೆ. ಗೊತ್ತಾದ ಕೂಡಲೇ ನಿಲ್ಸಬೇಕು. ಕತ್ತಲೆ. ಬೆರಳು ಮರಗಟ್ಟಿರ್ತದೆ. ಸರಳಿಗೆ ತಾಗಿದ್ದು ಕಲ್ಲೋ ಮೈನೋ ಅಂತ ಬೆರಳಿಗೆ ಗೊತ್ತಾಗಬೇಕು.” ಮೈನ್ ತೆಗೆದ ದಾರಿಯ ಎರಡೂ ಬದಿ ಬಿಳಿ ಟೇಪು ಎಳೆಯುತ್ತಿದ್ದರಂತೆ. ಹಿಂದೆ ಬರುವ ಟ್ಯಾಂಕು, ಲಾರಿ ಎಲ್ಲ ಆ ಟೇಪಿನ ನಡುವೆಯೇ ಹೋಗಬೇಕು. “ನಮ್ಮ ಟೇಪ್ ನಂಬಿ ಬರ್ತಾ ಇದ್ರು,” ಅಂದರು. ದನಿಯಲ್ಲಿ ಆವತ್ತು ಮೊದಲ ಸಲ ಹೆಮ್ಮೆ ಕೇಳಿಸಿತು.

ಆಮೇಲೆ ಪಕ್ಕದಲ್ಲೇ ಕೆಲಸ ಮಾಡ್ತಿದ್ದ ಗೆಳೆಯನ ಮಾತು ಬಂತು. ತಮಿಳಿನವರು. ಇವರಿಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು, ಇಬ್ಬರದ್ದೂ ಮುರುಕಲು ಹಿಂದಿ. ಒಂದು ರಾತ್ರಿ ಅವರು ವಾಪಸ್ ಬರಲಿಲ್ಲ. “ಅವನ ಮನೆಗೆ ಹೋಗಿ ಹೇಳ್ಬೇಕು ಅಂತಿತ್ತು. ಊರು ಯಾವುದು ಅಂತ ಕೇಳಿಟ್ಟುಕೊಂಡಿರ್ಲಿಲ್ಲ. ಹೆಸರು ಮಾತ್ರ ಗೊತ್ತು.”

ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ, ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟ 25 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರನ್ನು ಗ್ರಾನೈಟ್ ಫಲಕಗಳ ಮೇಲೆ ಕೆತ್ತಿದ್ದಾರೆ. ಆ ಹೆಸರುಗಳನ್ನು ಆನ್‌ಲೈನ್‌ನಲ್ಲೂ ಹುಡುಕಬಹುದು. ಜಗಲಿಯಲ್ಲೇ ಕೂತು ಹುಡುಕಿದೆ. ನೆಟ್‌ವರ್ಕ್ ಬರುತ್ತೆ, ಹೋಗುತ್ತೆ. ಕೊನೆಗೆ ಹೆಸರು, ಯೂನಿಟ್, 1971ರ ಡಿಸೆಂಬರ್ ಮೂರೂ ಕೂಡಿ ಬಂದ ಒಂದು ಸಾಲು ಸಿಕ್ಕಿತು. ಇಂಗ್ಲಿಷಿನಲ್ಲಿದ್ದದ್ದನ್ನು ಓದಿ ಹೇಳಿದೆ. ಅಜ್ಜ ಕನ್ನಡಕ ಹುಡುಕಿ ಹಾಕಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸ್ಕ್ರೀನ್ ಆರಿ ಹೋಗ್ತಿತ್ತು, ಮತ್ತೆ ಮುಟ್ಟಿ ಬೆಳಗಿಸಿ ಕೊಟ್ಟೆ. “ಬರ್ದಿದ್ದಾರೆ ಹಂಗಾದ್ರೆ,” ಅಂದರು. ಅಷ್ಟೇ.

ಬೆಳಗ್ಗೆ ಉದ್ರಿಯಲ್ಲಿ ಕಂಡದ್ದಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹೆಸರು, ಪಡೆ, ವರ್ಷ. ಎಲ್ಲೋ ಒಂದು ಕಡೆ ಬರೆದಿದೆ ಅನ್ನೋದೇ ಒಂದು ಸಮಾಧಾನ. ಆದರೆ ಓರೆಯಾಗಿ ಚುಚ್ಚುವ ಸರಳು, ಬಿಳಿ ಟೇಪು, ಮುರುಕಲು ಹಿಂದಿ ಯಾವ ಗ್ರಾನೈಟ್ ಮೇಲೂ ಇಲ್ಲ. ಅದೆಲ್ಲ ಅಜ್ಜನ ಹತ್ತಿರ ಮಾತ್ರ ಇದೆ.

ನಾವು ಮಾಡಬಹುದಾದದ್ದು

1971ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. 1965ರ ಯುದ್ಧ ಕಂಡವರಿಗೆ ಎಂಬತ್ತರ ಆಸುಪಾಸು. 1999ರ ಕಾರ್ಗಿಲ್‌ನವರು ಕೂಡ ನಿವೃತ್ತರಾಗಿ ಊರಲ್ಲಿದ್ದಾರೆ. ಜುಲೈ 26 ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 7 ಧ್ವಜ ದಿನ, ಡಿಸೆಂಬರ್ 16 ವಿಜಯ ದಿವಸ. ಈ ದಿನಗಳಲ್ಲಿ ಸ್ಟೇಟಸ್ ಹಾಕೋದು ತಪ್ಪಲ್ಲ. ಆದರೆ ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುತ್ತೆ.

ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಅಲ್ಲಿನ ಸಂಸತ್ತೇ ಕಾನೂನು ಮಾಡಿ, ಮಾಜಿ ಸೈನಿಕರ ಮಾತುಗಳನ್ನು ಅವರದೇ ದನಿಯಲ್ಲಿ ಸಂಗ್ರಹಿಸುವ ಕೆಲಸವನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ವಹಿಸಿತು. ಅದರ ದೊಡ್ಡ ಭಾಗ ನಡೆದಿರೋದು ಸಾಮಾನ್ಯ ಜನರಿಂದ: ಮೊಮ್ಮಗಳು ಅಜ್ಜನನ್ನು ಕೇಳಿದ್ದು, ವಿದ್ಯಾರ್ಥಿ ಪಕ್ಕದ ಮನೆಯವರನ್ನು ಕೇಳಿದ್ದು. ನಮ್ಮಲ್ಲೂ ಇಂಥ ಉತ್ಸಾಹ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಸುತ್ತಲಿನ ಶಾಸನ, ವೀರಗಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸ್ತಿದ್ದಾರೆ. ಕಲ್ಲಿಗೆ ಅಷ್ಟು ಮಾಡೋಕಾದರೆ ಬದುಕಿರುವವರಿಗೆ ಒಂದು ಫೋನ್ ಸಾಕು.

ಆ ಮಧ್ಯಾಹ್ನ ನನಗೆ ಉಪಯೋಗಕ್ಕೆ ಬಂದ ನಾಲ್ಕು ಮಾತು ಹೇಳ್ತೀನಿ.

ಒಂದು, ಮೊದಲು ಅನುಮತಿ ಕೇಳಿ. ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು ಅಂತಲೂ ಕೇಳಿ. ಬೇಡ ಅಂದರೆ ಬೇಡ. ಕೆಲವರಿಗೆ ಆ ನೆನಪು ಇನ್ನೂ ಹಸಿ ಗಾಯ.

ಎರಡು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಆರಿಸಿ, ಹತ್ತಿರ ಇಡಿ. ರೆಕಾರ್ಡಿಂಗ್‌ನ ಮೊದಲ ವಾಕ್ಯ ನಿಮ್ಮದಿರಲಿ: ಇವರು ಯಾರು, ಯಾವ ಊರು, ಇವತ್ತು ಯಾವ ತಾರೀಖು, ಕೇಳ್ತಿರೋರು ಯಾರು. ವೀರಗಲ್ಲಿನಲ್ಲಿ ಇರೋದೂ ಇಂಥದ್ದೇ ವಿವರ. ಇದಿಲ್ಲದಿದ್ದರೆ ಮೂವತ್ತು ವರ್ಷದ ಮೇಲೆ ಅದು ಯಾರದೋ ಒಂದು ದನಿ ಮಾತ್ರ.

ಮೂರು, ‘ಯುದ್ಧದ ಬಗ್ಗೆ ಹೇಳಿ’ ಅನ್ನಬೇಡಿ. ಅದಕ್ಕೆ ಬರೋದು ಭಾಷಣ. ಬೂಟು ಹೇಗಿತ್ತು, ಪತ್ರ ಎಷ್ಟು ದಿನಕ್ಕೆ ಬರ್ತಿತ್ತು, ಪಕ್ಕದಲ್ಲಿ ಯಾರು ಮಲಗ್ತಿದ್ರು ಅಂತ ಕೇಳಿ. ಮನೆಯ ಹೆಂಗಸರನ್ನೂ ಕೂರಿಸಿಕೊಳ್ಳಿ. ಗಂಡ ಗಡಿಯಲ್ಲಿದ್ದಾಗ ಗದ್ದೆ ಯಾರು ನೋಡಿಕೊಂಡರು ಅನ್ನೋದೂ ಅದೇ ಯುದ್ಧದ ಕಥೆ. ಜಕ್ಕಿಯಬ್ಬೆಯ ಸೀಮೆಯಲ್ಲಿ ಇದನ್ನು ಬಿಟ್ಟುಬಿಟ್ಟರೆ ಹೇಗೆ?

ನಾಲ್ಕು, ಎರಡು ಕಡೆ ಉಳಿಸಿ, ಒಂದು ಪ್ರತಿ ಅವರ ಮನೆಯವರಿಗೆ ಕೊಡಿ. ಪತ್ರ, ಫೋಟೋ, ಡಿಸ್ಚಾರ್ಜ್ ಪುಸ್ತಕದ ಚಿತ್ರ ತೆಗೆಯಿರಿ, ಮೂಲವನ್ನು ಮಾತ್ರ ತರಬೇಡಿ. ಮೂಲ ಟ್ರಂಕಿನಲ್ಲೇ ಇರಲಿ.

ನೆತ್ತರುಗೊಡಗೆಯ ವಿಷಯಾನೂ ಮರೀಬೇಡಿ. ಕೇಳುತ್ತಾ ಕೂತಾಗ, ಪಿಂಚಣಿ ಪತ್ರ ಎಲ್ಲೋ ಸಿಕ್ಕಿಕೊಂಡಿದೆ, ಆಸ್ಪತ್ರೆ ಕಾರ್ಡ್ ಮಾಡಿಸಿಲ್ಲ ಅನ್ನೋ ಮಾತು ಬರುತ್ತೆ. ಆನ್‌ಲೈನ್ ಫಾರಂ ತುಂಬೋದು ನಮಗೆ ಹತ್ತು ನಿಮಿಷದ ಕೆಲಸ, ಅವರಿಗೆ ತಾಲೂಕು ಕಚೇರಿಗೆ ನಾಲ್ಕು ಸಲದ ಓಡಾಟ. ಹಾರ ಹಾಕೋದಕ್ಕಿಂತ ಅದನ್ನು ಮಾಡಿಕೊಟ್ಟರೆ ನೆನಪಿಗೆ ಒಂದು ಅರ್ಥ ಇರುತ್ತೆ.

ಹೋಗುವವರಿಗೆ ಒಂದು ಮಾತು: ಶಿವಮೊಗ್ಗದವರೆಗೆ ರೈಲಿದೆ, ಅಲ್ಲಿಂದ ಶಿಕಾರಿಪುರ, ಶಿರಾಳಕೊಪ್ಪ, ಸೊರಬಕ್ಕೆ ಬಸ್ಸುಗಳಿವೆ. ಹಳ್ಳಿಗಳೊಳಗೆ ಓಡಾಡೋಕೆ ಸ್ವಂತ ಗಾಡಿ ಇದ್ದರೆ ಒಳ್ಳೆಯದು. ಮಳೆ ಮುಗಿದು ಚಳಿ ಶುರುವಾಗೋ ಹೊತ್ತು ಚೆನ್ನಾಗಿರುತ್ತೆ. ವೀರಗಲ್ಲಿನ ಮೇಲೆ ಸೀಮೆಸುಣ್ಣ, ಎಣ್ಣೆ ಏನೂ ಹಚ್ಚಬೇಡಿ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ನೋಡಿದರೆ ಅಕ್ಷರ ತಾನಾಗೇ ಎದ್ದು ಕಾಣುತ್ತೆ.

ಹೋಗೋಕೆ ಆಗಲ್ಲ ಅನ್ನೋರು ಬೇಸರ ಮಾಡ್ಕೋಬೇಡಿ. ನಿಮ್ಮ ಊರಲ್ಲೂ ಒಬ್ಬ ಮಿಲಿಟ್ರಿ ಅಜ್ಜ ಇರ್ತಾರೆ. ದೀಪಾವಳಿಗೆ ಊರಿಗೆ ಹೋದಾಗ ಒಂದು ಮಧ್ಯಾಹ್ನ ಅವರ ಜಗಲಿಯಲ್ಲಿ ಕೂತು, ಆವತ್ತು ನಿಮ್ಮ ಪಕ್ಕದಲ್ಲಿ ಯಾರಿದ್ರು ಅಂತ ಕೇಳಿ ನೋಡಿ.